ಹುಳ ಸಾಕುವ ಮನೆಯ ಮಕ್ಕಳು: ಒಬ್ಬ ಮೇಷ್ಟ್ರ ಅನುಭವ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ನಾನು. ಕ್ಲಾಸಲ್ಲಿ ಮಗು ತೂಕಡಿಸುತ್ತಿದ್ದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: "ಮನೇಲಿ ಹುಳ ಎಷ್ಟನೇ ಜ್ವರದಲ್ಲಿದೆ?" ರೇಷ್ಮೆ ಗೊತ್ತಿಲ್ಲದವರಿಗೆ ಇದು ತಮಾಷೆಯಾಗಿ ಕೇಳಿಸಬಹುದು. ರೇಷ್ಮೆಹುಳ ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದನ್ನೇ ಜ್ವರ ಅನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗೋವರೆಗೆ, ಅಂದರೆ ಗೂಡು ಕಟ್ಟೋಕೆ ತಯಾರಾಗೋವರೆಗೆ, ಹೆಚ್ಚುಕಮ್ಮಿ ಒಂದು ವಾರ. ತನ್ನ ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇ. 80ಕ್ಕೂ ಜಾಸ್ತಿಯನ್ನು ಹುಳ ಆ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ಮನೆಮಂದಿಗೆಲ್ಲ ಸೊಪ್ಪು ಕೊಯ್ಯೋದು, ಹೊರೋದು, ಹಾಕೋದು, ಇಷ್ಟೇ ಕೆಲಸ. ರಾತ್ರಿ ಹತ್ತಕ್ಕೆ ಒಂದು ಸಲ ಸೊಪ್ಪು ಹಾಕಿ, ಮತ್ತೆ ಬೆಳಗಿನ ಜಾವಕ್ಕೆ ಏಳಬೇಕು. ಕೂಲಿಯವರು ಸಿಗದಿದ್ದರೆ ಮಕ್ಕಳೂ ಕೈ ಹಾಕಲೇಬೇಕು.

ಇಂಥ ಮಗುವಿಗೆ ಬುದ್ಧಿ ಕಮ್ಮಿ, ಗಮನ ಇಲ್ಲ, ಓದಿನ ಮೇಲೆ ಆಸಕ್ತಿಯೇ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ತೀರ್ಪು ಕೊಟ್ಟುಬಿಡುವುದು ಬಹಳ ಸುಲಭ. 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಡಾಕ್ಟರುಗಳು ಹೇಳುತ್ತಾರೆ. ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದ ಮಗುವಿಗೆ ಭಿನ್ನರಾಶಿ ತಲೆಗೆ ಹತ್ತಲಿಲ್ಲ ಅಂದರೆ ಅದರಲ್ಲಿ ಏನು ಆಶ್ಚರ್ಯ? ದೊಡ್ಡವರಾದ ನಮ್ಮ ತಲೆಗೂ ಹತ್ತಲ್ಲ.

ಮಕ್ಕಳ ಮನೆಗಳ ಒಳಗನ್ನು ನಾನು ಸರಿಯಾಗಿ ನೋಡಿದ್ದು 2020ರಲ್ಲಿ. ಕೊರೊನಾದಿಂದ ಶಾಲೆ ಮುಚ್ಚಿತ್ತು. ಆ ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಶುರುವಾಗಿ, ದೇವಸ್ಥಾನದ ಕಟ್ಟೆ, ಜಗಲಿ, ಮರದ ನೆರಳು ಅಂತ ಮಕ್ಕಳಿದ್ದ ಕಡೆಗೆ ನಾವೇ ಹೋಗಿ ಪಾಠ ಮಾಡಿದೆವು. ನೀರು ಕುಡಿಯಲು ಒಳಗೆ ಹೋದಾಗ, ಮಳೆ ಬಂದು ನಡುಮನೆಯಲ್ಲೇ ಕೂತಾಗ ಕಣ್ಣಿಗೆ ಬಿದ್ದದ್ದು ಯಾವ ಪ್ರಗತಿ ಪತ್ರದಲ್ಲೂ ಇರಲ್ಲ. ವಿದ್ಯಾಗಮ ನಿಂತ ಮೇಲೂ ಮನೆಗೆ ಹೋಗೋದನ್ನು ನಾನು ಬಿಡಲಿಲ್ಲ.

ಮೊದಲು ಮಾಡಿದ್ದು ಚಿಕ್ಕ ಕೆಲಸ. ಹಾಜರಿ ಪುಸ್ತಕದ ಜೊತೆಗೆ ಒಂದು ಕ್ಯಾಲೆಂಡರ್ ಇಟ್ಟುಕೊಂಡೆ. ಯಾರ ಮನೆಗೆ ಚಾಕಿ, ಅಂದರೆ ಸಾಕೋಕೆ ತರುವ ಎಳೆ ಹುಳ, ಬಂತು ಅಂತ ಮಕ್ಕಳೇ ಬಂದು ಹೇಳುತ್ತಾರೆ, ಅದು ಅವರಿಗೆ ದೊಡ್ಡ ಸುದ್ದಿ. ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳ ತಂದರೆ ಸುಮಾರು ಹತ್ತು ದಿನಕ್ಕೆ ಆ ಮನೆಯಲ್ಲಿ ನಿದ್ದೆಗೆಡುವ ವಾರ ಶುರು. ಕ್ಯಾಲೆಂಡರಿನಲ್ಲಿ ಹೆಸರು ಬರೆದಿಟ್ಟರೆ ಸಾಕು. ವರ್ಷಕ್ಕೆ ಐದಾರು ಬೆಳೆಯಾದರೂ ತೆಗೆಯುವ ಊರು ಇದು, ಒಂದೊಂದು ಮನೆಯದು ಒಂದೊಂದು ಲೆಕ್ಕ. ಯಾವ ಮಗು ಯಾವಾಗ ಸುಸ್ತಾಗಿರುತ್ತೆ ಅಂತ ಈಗ ಮೊದಲೇ ಗೊತ್ತಾಗುತ್ತೆ. ಎಫ್‌ಎ ಪರೀಕ್ಷೆಯನ್ನು (ವರ್ಷದ ನಡುವೆ ಮಾಡುವ ಕಿರುಪರೀಕ್ಷೆ) ಎರಡು ಮೂರು ದಿನ ಆಚೀಚೆ ಮಾಡುವುದು, ಆ ವಾರ ಆ ಮಗುವಿಗೆ ಹೋಮ್‌ವರ್ಕ್ ಕೊಡದೆ ಶಾಲೆಯಲ್ಲೇ ಬರೆಸುವುದು, ಹೊಸ ಪಾಠವನ್ನು ಬೆಳಿಗ್ಗೆ ಬಿಟ್ಟು ಊಟಕ್ಕೆ ಸ್ವಲ್ಪ ಮುಂಚೆ ತೆಗೆದುಕೊಳ್ಳುವುದು, ಇವೆಲ್ಲ ನಮ್ಮ ಕೈಯಲ್ಲೇ ಇರುವಂಥವು. ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ.

ಮನೆಯವರ ಜೊತೆ ಮಾತಾಡುವುದೇ ಕಷ್ಟದ ಭಾಗ. ಮೇಷ್ಟ್ರು ಬಂದರು ಅಂದ ತಕ್ಷಣ ಅಪ್ಪ ಅಮ್ಮ ಇಬ್ಬರೂ ಗಟ್ಟಿಯಾಗುತ್ತಾರೆ. "ಬೈದು ಬೈದು ಓದಿಸ್ತೀವಿ ಸಾರ್, ಇವಳೇ ಕೇಳಲ್ಲ" ಅನ್ನುವ ಮಾತು ತಯಾರಾಗಿರುತ್ತೆ. ಓದಿಸಿ, ಬೇಗ ಮಲಗಿಸಿ, ಟೀವಿ ಆರಿಸಿ ಅಂತ ನಾನು ಪಾಠ ಹೇಳಿದರೆ ತಲೆ ಅಲ್ಲಾಡಿಸುತ್ತಾರೆ, ಆಮೇಲೆ ಎಂದಿನಂತೆ. ಅದಕ್ಕೇ ಮಾತನ್ನು ಹುಳದಿಂದ ಶುರು ಮಾಡುತ್ತೇನೆ. ಬೆಳೆಯುವ ಜೀವಕ್ಕೆ ಗಾಳಿ, ಬಿಸಿಲು, ತೇವ, ಆಹಾರ ಎಲ್ಲಾ ಹೇಗಿರಬೇಕು ಅನ್ನೋದು ಈ ಮನೆಗಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಐದನೇ ಕ್ಲಾಸಿನ ಒಬ್ಬ ಹುಡುಗಿಯ ಮನೆ ಹೇಳುತ್ತೇನೆ. ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ನಡುಮನೆಯ ಎರಡೂ ಪಕ್ಕ ಹುಳದ ಸ್ಟ್ಯಾಂಡು, ಮಧ್ಯೆ ಒಬ್ಬರು ಓಡಾಡುವಷ್ಟೇ ಜಾಗ. ಗೋಡೆ ಮೇಲೆ ಉಷ್ಣತೆ, ತೇವ ನೋಡುವ ಮಾಪಕ. ಒಂದೇ ಬಲ್ಬು, ಅದೂ ಸ್ಟ್ಯಾಂಡಿನ ಮೇಲಕ್ಕೆ ಕಟ್ಟಿದ್ದು. ಕೆಳಗೆ ಕೂತು ಪುಸ್ತಕ ಬಿಡಿಸಿದರೆ ಅವಳದೇ ತಲೆಯ ನೆರಳು ಪುಟದ ಮೇಲೆ ಬೀಳುತ್ತಿತ್ತು.

"ಅಕ್ಕ, ದೊಡ್ಡ ಹುಳಕ್ಕೆ ಎಷ್ಟು ಡಿಗ್ರಿ ಇರಬೇಕು?" ಅಂತ ಅವಳ ತಾಯಿಯನ್ನು ಕೇಳಿದೆ.

"24, 25 ಸಾರ್. ಶೆಕೆ ಜಾಸ್ತಿಯಾಗಿ ಗಾಳಿ ಆಡದಿದ್ರೆ ಸಪ್ಪೆ ರೋಗ ಬಂದ್ಬಿಡುತ್ತೆ."

"ಸೊಪ್ಪು ಒಂದು ಹೊತ್ತು ತಪ್ಪಿದ್ರೆ?"

"ಒಂದೊಂದು ಒಂದೊಂದು ಥರ ಬೆಳೀತಾವೆ. ಗೂಡು ಚೆನ್ನಾಗಿ ಬರಲ್ಲ, ರೇಟು ಸಿಗಲ್ಲ."

"ಮಗು ಎಲ್ಲಿ ಮಲಗುತ್ತೆ?"

"ಇಲ್ಲೇ ಸಾರ್, ಸ್ಟ್ಯಾಂಡ್ ಮಧ್ಯೆ."

ಅಷ್ಟು ಹೇಳಿ ಆಕೆ ಅತ್ತೆಯ ಮುಖ ನೋಡಿದರು. ಅಜ್ಜಿ ನಕ್ಕು, "ಹುಳಕ್ಕಿರೋ ಯೋಗ ಹುಡುಗಿಗಿಲ್ಲ ಅಂತೀರಾ ಮೇಷ್ಟ್ರೇ" ಅಂದರು. ನಾನು ಹೇಳಬೇಕಾಗಿದ್ದನ್ನು ಅವರೇ ಹೇಳಿದ್ದರಿಂದ ಕೆಲಸ ಹಗುರಾಯಿತು. ಒಪ್ಪಂದ ಆಗಿದ್ದು ಇಷ್ಟು: ಸಂಜೆ ಸ್ವಲ್ಪ ಹೊತ್ತು ಸೊಪ್ಪು ಹೊರೋಕೆ ಹುಡುಗಿ ಬರಬಹುದು, ರಾತ್ರಿ ಹತ್ತರ ಸೊಪ್ಪಿಗೆ ಅವಳು ಬೇಡ. ಕೊನೇ ವಾರ ಎದುರು ಮನೆಯ ದೊಡ್ಡಮ್ಮನ ಹತ್ತಿರ ಮಲಗಲಿ. ಜಗಲಿಗೆ ವೈರ್ ಎಳೆದು ಇನ್ನೊಂದು ಎಲ್‌ಇಡಿ ಬಲ್ಬು ಹಾಕಲಿ. ಬಲಗೈಯಲ್ಲಿ ಬರೆಯೋ ಮಗುವಿಗೆ ಬೆಳಕು ಎಡಗಡೆಯಿಂದ ಬರಬೇಕು ಅನ್ನೋದನ್ನೂ ತೋರಿಸಿಕೊಟ್ಟೆ.

ಅವಳು ರಾತ್ರೋರಾತ್ರಿ ಜಾಣೆಯಾಗಲಿಲ್ಲ. ಭಿನ್ನರಾಶಿ ಇವತ್ತಿಗೂ ಕಷ್ಟವೇ. ಆದರೆ ಬೆಳಗಿನ ಪೀರಿಯಡ್‌ನಲ್ಲಿ ತಲೆ ಎತ್ತಿ ಕೂರುತ್ತಾಳೆ. ಹಾಗಾಗಿ ಅವಳಿಗೆ ಎಲ್ಲಿ ಅರ್ಥವಾಗುತ್ತಿಲ್ಲ ಅನ್ನೋದು ನನಗೆ ಕಾಣಿಸುತ್ತೆ. ಮೊದಲು ಅದೂ ಕಾಣಿಸುತ್ತಿರಲಿಲ್ಲ, ಎಲ್ಲವೂ ನಿದ್ದೆಯಲ್ಲಿ ಮುಚ್ಚಿಹೋಗಿತ್ತು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಗು ಮನೆಯ ಕಸುಬಿಗೆ ನೆರವಾಗಬಹುದು, ಅಪಾಯದ ಕೆಲಸ ಮಾತ್ರ ಕೂಡದು. ಆಮೇಲೆ ಬಂದ ನಿಯಮಗಳಲ್ಲಿ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸಬಾರದು ಅಂತ ಇದೆ. ಹತ್ತು ಗಂಟೆಯ ಸೊಪ್ಪು ಇದರೊಳಗೇ ಬರುತ್ತೆ. ಇದು ಮೇಷ್ಟ್ರಿಗೆ ಗೊತ್ತಿರಬೇಕು. ಆದರೆ ಮೊದಲ ಸಲ ಮನೆಗೆ ಹೋದಾಗಲೇ ಬಾಯಿಬಿಟ್ಟರೆ ಎರಡನೇ ಸಲ ಯಾರೂ ಒಳಗೆ ಕರೆಯಲ್ಲ.

ನಿದ್ದೆ ಬಿಟ್ಟರೆ ನಮ್ಮಲ್ಲಿ ದೊಡ್ಡ ತೊಂದರೆ ಉಸಿರಿನದು. ಒಂದು ಬೆಳೆ ಮುಗಿದ ಮೇಲೆ ಹುಳ ಸಾಕುವ ಜಾಗವನ್ನು ಬ್ಲೀಚಿಂಗ್ ಪೌಡರು, ಫಾರ್ಮಲಿನ್ ಹಾಕಿ ಶುದ್ಧ ಮಾಡುತ್ತಾರೆ. ಮಾಡಲೇಬೇಕು, ಇಲ್ಲದಿದ್ದರೆ ಮುಂದಿನ ಬೆಳೆಗೆ ರೋಗ ಹತ್ತುತ್ತೆ. ಹುಳದ ಮನೆ ಬೇರೆ ಇದ್ದವರಿಗೆ ಸಮಸ್ಯೆ ಇಲ್ಲ. ವಾಸದ ಮನೆಯಲ್ಲೇ ಸಾಕುವವರು ಆ ಘಾಟಿನಲ್ಲೇ ಮಲಗಬೇಕು. ಕಣ್ಣು ಕೆಂಪಗೆ ಮಾಡಿಕೊಂಡು, ಗಂಟಲು ಕೆರೆದುಕೊಂಡು ಬರುವ ಮಕ್ಕಳನ್ನು "ಮದ್ರಾಸ್ ಐ ಬಂದಿದೆ" ಅಂತ ಮನೆಗೆ ಕಳಿಸಿದರೆ ವಾಪಸ್ ಅದೇ ಘಾಟಿಗೆ ಕಳಿಸಿದ ಹಾಗೆ. ಚಳಿಗಾಲದ್ದು ಇನ್ನೊಂದು ಕಥೆ. ಹುಳಕ್ಕೆ ಬೆಚ್ಚಗಿರಲಿ ಅಂತ ಇದ್ದಿಲ ಕೆಂಡ ಇಟ್ಟು ಬಾಗಿಲು, ಕಿಟಕಿ ಮುಚ್ಚುತ್ತಾರೆ. ಇದರ ಬಗ್ಗೆ ಮಾತ್ರ ನಾನು ನಯವಾಗಿ ಹೇಳುವುದಿಲ್ಲ, ಜೋರಾಗಿಯೇ ಹೇಳುತ್ತೇನೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತೆ. ಕೆಂಡ ಇರುವ ಕೋಣೆಯಲ್ಲಿ ಮಕ್ಕಳು ಮಲಗಲೇಬಾರದು, ಅಷ್ಟೇ.

ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡ ಶಾಲೆಗೆ ಬರುತ್ತೆ. ಅವರು ಬರುವ ಮುಂಚೆ ನಾನೊಂದು ಪಟ್ಟಿ ಮಾಡಿಡುತ್ತೇನೆ: ಯಾರಿಗೆ ಕೆಮ್ಮು, ಅದು ಯಾವ ದಿನಗಳಲ್ಲಿ ಜಾಸ್ತಿ, ಅವರ ಮನೆಯಲ್ಲಿ ಒಲೆ ಯಾವುದು, ಹುಳ ಎಲ್ಲಿ ಸಾಕುತ್ತಾರೆ. ನೂರು ಮಕ್ಕಳನ್ನು ಒಂದೇ ದಿನ ನೋಡುವ ಡಾಕ್ಟರಿಗೆ ಇಷ್ಟು ಸಿಕ್ಕರೆ ದೊಡ್ಡ ಸಹಾಯ. ನಮ್ಮ ಒಬ್ಬ ಹುಡುಗನಿಗೆ ಅಸ್ತಮಾ ಅಂತ ಹೀಗೇ ಗೊತ್ತಾಯಿತು. ಇನ್‌ಹೇಲರ್ ಬರೆದುಕೊಟ್ಟರು. "ಅದು ಚಟ ಆಗ್ಬಿಡುತ್ತೆ" ಅಂತ ಮನೆಯವರು ಅಟ್ಟದ ಮೇಲೆ ಇಟ್ಟಿದ್ದರು. ಹಾಗೇನೂ ಆಗಲ್ಲ ಅಂತ ಒಪ್ಪಿಸೋಕೆ ಆಶಾ ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಾಯಿತು. ನನಗಿಂತ ಆಕೆಯ ಮಾತಿಗೆ ಬೆಲೆ ಜಾಸ್ತಿ. ಆಕೆಯ ತಮ್ಮನಿಗೂ ಅಸ್ತಮಾ ಇತ್ತಂತೆ.

ಕಣ್ಣಿನ ಪರೀಕ್ಷೆಗೆ ನಾನು ಡಾಕ್ಟರಿಗೆ ಕಾಯುವುದಿಲ್ಲ. ಅಕ್ಷರಗಳ ಚಾರ್ಟ್ ಗೋಡೆಗೆ ಅಂಟಿಸಿ, 6 ಮೀಟರ್ ದೂರದಲ್ಲಿ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುತ್ತೇನೆ. ಬೋರ್ಡು ನೋಡದೆ ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗು ಕಳ್ಳನಲ್ಲ, ಎಷ್ಟೋ ಸಲ ಅದಕ್ಕೆ ಬೋರ್ಡು ಕಾಣುತ್ತಿರಲ್ಲ.

ನೀರಿನ ವಿಷಯಕ್ಕೆ ಬಂದರೆ ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಎಲ್ಲರಿಗೂ ಗೊತ್ತಿರುವುದೇ. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೀರು. ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಉತ್ತರ ಹೇಳುತ್ತಾರೆ. ಕೆಲವರು ಉತ್ತರ ಹೇಳೋದೇ ಇಲ್ಲ. ಕಾಯಿಸಿ ಕುಡೀತೀವಿ ಅನ್ನುವ ಮನೆಗಳಿವೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ ಅಷ್ಟೇ. ಶುದ್ಧ ನೀರಿನ ಘಟಕದ ಕ್ಯಾನು ಕುಡಿಯೋಕೆ ಮಾತ್ರ ಅಂತ ಇಟ್ಟು, ಸಾರಿಗೆ, ಮುದ್ದೆಗೆ ಕೊಳಾಯಿ ನೀರು ಹಾಕುತ್ತಾರೆ. ಅಡುಗೆಗೂ ಕ್ಯಾನಿನ ನೀರೇ ಬಳಸಿ ಅಂತ ತಾಯಂದಿರ ಸಭೆಯಲ್ಲಿ ಪ್ರತಿ ಸಲ ಹೇಳುತ್ತೇನೆ. ಕೆಲವರು ಬಳಸುತ್ತಾರೆ. ಕ್ಯಾನು ಹೊತ್ತು ತರೋರು ಯಾರು ಅನ್ನೋದೂ ನ್ಯಾಯವಾದ ಪ್ರಶ್ನೆಯೇ.

ಊಟದ ಬಗ್ಗೆ ಶಾಲೆಯ ಕಡೆಯಿಂದ ಒಂದಿಷ್ಟು ನಡೆದಿದೆ. ಬಿಸಿಯೂಟ ಇದೆ. 2013ರಿಂದ ಕ್ಷೀರಭಾಗ್ಯದ 150 ಮಿಲಿ ಹಾಲು ಇದೆ. ಈಗ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಆದರೆ ಹುಳ ದೊಡ್ಡದಾದ ವಾರ ಮನೆಯಲ್ಲಿ ಬೆಳಗಿನ ಒಲೆ ಹತ್ತುವುದೇ ತಡ. ಟೀ, ಬನ್ನು, ಅಷ್ಟೇ. ಅದಕ್ಕೆ ಹಾಲನ್ನು ಪ್ರಾರ್ಥನೆ ಮುಗಿದ ಕೂಡಲೇ ಕೊಡುವ ಹಾಗೆ ಮಾಡಿಕೊಂಡಿದ್ದೇವೆ. ಇನ್ನೊಂದು ಕಬ್ಬಿಣಾಂಶದ ಮಾತ್ರೆ. ಚಿಕ್ಕವರಿಗೆ ಗುಲಾಬಿ, ಹತ್ತು ದಾಟಿದವರಿಗೆ ನೀಲಿ, ವಾರಕ್ಕೊಂದು. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತೆ, ಆಮೇಲೆ ಮಕ್ಕಳು ನಾಲಿಗೆ ಅಡಿಯಲ್ಲಿ ಇಟ್ಟುಕೊಂಡು ಹೋಗಿ ಹಿಂದಿನ ಚರಂಡಿಗೆ ಉಗುಳುತ್ತಾರೆ. ನಮ್ಮಲ್ಲಿ ಊಟ ಆದ ಮೇಲೇ ಕೊಡುತ್ತೇವೆ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ ಅನ್ನೋದನ್ನು ತಾಯಂದಿರಿಗೆ ಹೇಳಿದಾಗ, "ಹಾಗಾದ್ರೆ ನಮ್ಗೂ ಅದೇ ಅಲ್ವಾ ಸಾರ್?" ಅಂದರು. ಹೌದು, ಅವರಿಗೂ ಅದೇ.

ಭಾಷೆಯ ವಿಷಯ ಒಂದು ಮಾತಿನಲ್ಲಿ. ನಮ್ಮ ಅರ್ಧಕ್ಕರ್ಧ ಮನೆಗಳಲ್ಲಿ ಆಡುವುದು ತೆಲುಗು. ಒಂದನೇ ಕ್ಲಾಸಿನ ಮಗು ಸುಮ್ನೆ ಕೂತರೆ ದಡ್ಡ ಅಂತಲ್ಲ. ಆಟ, ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ತರಗತಿಯ ಮಕ್ಕಳ ಜೊತೆ ಮೊದಲ ಕೆಲವು ತಿಂಗಳು ನಾನೂ ಎರಡೂ ಭಾಷೆ ಬೆರೆಸಿಯೇ ಮಾತಾಡುತ್ತೇನೆ.

ಗೂಡಿನ ರೇಟು ಬಿದ್ದ ತಿಂಗಳು ಮನೆಯೊಳಗೆ ಏನಾಗುತ್ತೆ ಅನ್ನೋದನ್ನು ಮಕ್ಕಳು ಹೇಳಲ್ಲ. ಆದರೆ ಅಕ್ಷರ ಹೇಳುತ್ತೆ. ದುಂಡಗೆ ಬರೆಯುವ ಹುಡುಗನ ಬರವಣಿಗೆ ಕೆಟ್ಟರೆ, ಊಟಕ್ಕೆ ಎರಡು ಸಲ ಹಾಕಿಸಿಕೊಂಡರೆ, ನಾನು ಏನೂ ಕೇಳದೆ ಅವನಿಗೆ ಹಾಜರಿ ಪುಸ್ತಕ ತರುವ ಕೆಲಸವನ್ನೋ ಗಿಡಕ್ಕೆ ನೀರು ಹಾಕುವ ಕೆಲಸವನ್ನೋ ಕೊಟ್ಟು ಹತ್ತಿರ ಇಟ್ಟುಕೊಳ್ಳುತ್ತೇನೆ. ಇಂಥದ್ದಕ್ಕೆ ನನ್ನ ಹತ್ತಿರ ಬೇರೆ ಮದ್ದಿಲ್ಲ.

ಇಷ್ಟೆಲ್ಲ ಹುಳ, ಹೊಲ ಇದ್ದವರ ಮಾತಾಯಿತು. ಸೊಪ್ಪು ಕೊಯ್ಯಲು ಕೂಲಿಗೆ ಹೋಗುವವರ ಮಕ್ಕಳ ಪಾಡು ಇದಕ್ಕಿಂತ ಬಿಗಿ. ಒಂದೇ ಕೋಣೆಯ ಬಾಡಿಗೆ ಮನೆ, ತಾಯಿ ಐದಕ್ಕೆ ಹೊರಡುತ್ತಾರೆ, ಎಂಟು ವರ್ಷದ ಅಕ್ಕ ತಮ್ಮನಿಗೆ ತಲೆ ಬಾಚಿ ಕರೆದುಕೊಂಡು ಬರುತ್ತಾಳೆ. ಅಲ್ಲಿ ಸ್ಟ್ಯಾಂಡ್ ಸರಿಸಿ ಜಾಗ ಮಾಡಿ ಅನ್ನೋಕೆ ಸ್ಟ್ಯಾಂಡೇ ಇಲ್ಲ. ಅವರಿಗಾಗಿ ಎಸ್‌ಡಿಎಂಸಿಯವರನ್ನು (ಶಾಲಾ ಅಭಿವೃದ್ಧಿ ಸಮಿತಿ) ಒಪ್ಪಿಸಿ ಸಂಜೆ ಆರರವರೆಗೆ ಒಂದು ಕೋಣೆ ತೆರೆದಿಡುತ್ತಿದ್ದೇವೆ. ಊರಿನ ಪಿಯುಸಿ ಹುಡುಗಿಯೊಬ್ಬಳು ಜೊತೆಗಿರುತ್ತಾಳೆ. ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಅಲ್ಲಿಂದ ಕಥೆ ಪುಸ್ತಕ ತಂದಿಡುತ್ತೇವೆ. ಬೆಳಗಿನ ತಿಂಡಿಗೆ ಮಾತ್ರ ಇನ್ನೂ ದಾರಿ ಆಗಿಲ್ಲ. ವಾರಕ್ಕೆ ಎರಡು ದಿನದ ಅವಲಕ್ಕಿ ಕೊಡ್ತೀನಿ ಅಂತ ಗೂಡಿನ ವ್ಯಾಪಾರಿಯೊಬ್ಬರು ಹೇಳಿದ್ದಾರೆ. ಉಳಿದ ದಿನಗಳಿಗೆ ಯಾರನ್ನು ಕೇಳೋದು ಅಂತ ಮುಂದಿನ ಸಭೆಯಲ್ಲಿ ಮಾತಾಡಬೇಕು.