ಮೂರು ಮೈಕು, ಒಂದು ಸೆಣಬಿನ ದಾರ

ಚಿಕ್ಕಮಗಳೂರಿನ ಮದುವೆ ಆರ್ಕೆಸ್ಟ್ರಾಗಳಲ್ಲಿ ಡ್ರಮ್ ಬಾರಿಸಿಕೊಂಡಿದ್ದ ನನಗೆ ಮನೆಯಲ್ಲೇ ರೆಕಾರ್ಡ್ ಮಾಡುವ ಹುಚ್ಚು ಹಿಡಿದಾಗ ಕೈಯಲ್ಲಿದ್ದದ್ದು 25 ಸಾವಿರ ರೂಪಾಯಿ, ಒಂದು ಹಳೇ ಲ್ಯಾಪ್‌ಟಾಪ್. ಮೊದಲು ಮಾಡಿದ್ದೇ ತಪ್ಪು. ನೇರ ಯುಎಸ್‌ಬಿಗೆ ಚುಚ್ಚುವ, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ತಂದೆ. ಮಾತಿಗೆ ಅದು ಬಲು ಚೆಂದ. ಕಾಲುಗಳ ನಡುವೆ ಇಡುವ ಚಟಚಟ ಸದ್ದಿನ ಡ್ರಮ್ಮು ಸ್ನೇರ್‌ಗೆ ಒಂದು ಏಟು ಬಿದ್ದರೆ ಮಾತ್ರ ತಗಡು ಹರಿದ ಸದ್ದು! ಮೇಲಾಗಿ ಇಡೀ ಸೆಟ್ಟಿಗೆ ಒಂದೇ ಟ್ರ್ಯಾಕ್. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮು ಕಿಕ್ ಕಮ್ಮಿ ಆಯ್ತು ಅಂತ ಆಮೇಲೆ ಏರಿಸಲು ದಾರಿಯೇ ಇಲ್ಲ.

ಆಗ ಅರ್ಥವಾಯಿತು: ಮೊದಲು ನೋಡಬೇಕಾದ್ದು ಮೈಕಿನ ಹೆಸರನ್ನಲ್ಲ, ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ದಾಟಿಸುವ ಡಬ್ಬಿ, ಅಂದರೆ ಇಂಟರ್‌ಫೇಸಿಗೆ ಎಷ್ಟು ಇನ್‌ಪುಟ್ ಇವೆ ಅನ್ನೋದನ್ನು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಎಲ್ಲರ ಬಾಯಲ್ಲೂ ಇತ್ತು, ಆದರೆ ಅದರಲ್ಲಿ ಎರಡೇ ಮೈಕಿಗೆ ಜಾಗ. ನಾನು ಬೆಹ್ರಿಂಗರ್ ಯುಎಂಸಿ404ಎಚ್‌ಡಿ ತಗೊಂಡೆ. ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ ನಾಲ್ಕು ಪ್ರೀಆಂಪ್, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್, ಜೋರು ಸದ್ದು ತಗ್ಗಿಸುವ ಪ್ಯಾಡ್ ಗುಂಡಿ, ಎಲ್ಲ ಇದೆ. ಇಡೀ ಸೆಟ್ಟಿನ ಸದ್ದನ್ನು ಮೇಲಿನಿಂದ ಹಿಡಿಯುವ ಓವರ್‌ಹೆಡ್‌ಗೆ ಜೋಡಿಯಾಗಿ ಸಿಗುವ ಬೆಹ್ರಿಂಗರ್ ಸಿ-2 ಮೈಕು. ಕಿಕ್‌ಗೆ ಆರ್ಕೆಸ್ಟ್ರಾದಲ್ಲಿ ಹಾಡಲು ಬಳಸಿ ಸವೆದಿದ್ದ, ಜೋರು ಸದ್ದು ತಾಳುವ ಡೈನಾಮಿಕ್ ಮೈಕ್. ಸ್ಟ್ಯಾಂಡು, ಕೇಬಲ್ ಸೇರಿ ಲೆಕ್ಕ ಕೈಯಲ್ಲಿದ್ದ ದುಡ್ಡಿಗಿಂತ ಎರಡು ಸಾವಿರ ಮೀರಿತು. ಸಾಫ್ಟ್‌ವೇರಿಗೆ ರೀಪರ್, 60 ದಿನ ಪುಕ್ಕಟೆ ನೋಡಿ ಆಮೇಲೆ ಕೊಂಡೆ.

ಮೈಕ್ ಇಡುವ ಬಗೆ ಇಂಗ್ಲೆಂಡಿನ ರೆಕಾರ್ಡಿಂಗ್ ಇಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನದು. ಒಂದು ಮೈಕು ಸ್ನೇರ್‌ನ ನೆತ್ತಿಯ ಮೇಲೆ, ಇನ್ನೊಂದು ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ಮು ಫ್ಲೋರ್ ಟಾಮ್‌ನ ಆಚೆ ಬದಿಗೆ, ಎರಡೂ ಸ್ನೇರ್‌ನಿಂದ ಸಮ ದೂರ. ನಾನು ಕಣ್ಣಳತೆಯಲ್ಲಿ ಇಟ್ಟು ಕೆಟ್ಟೆ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅರ್ಧ ಅಡಿ ಹೆಚ್ಚುಕಮ್ಮಿಯಾದರೂ ಎರಡು ಟ್ರ್ಯಾಕ್ ಕೂಡಿಸಿದಾಗ ಒಂದು ಕಿಲೋಹರ್ಟ್ಸ್ ಸುತ್ತಲಿನ ಸದ್ದನ್ನು ಒಂದು ಇನ್ನೊಂದು ತಿಂದುಹಾಕುತ್ತದೆ. ನನ್ನ ಸ್ನೇರ್ ರಟ್ಟಿನ ಡಬ್ಬದಂತೆ ಕೇಳಿದ್ದು ಅದಕ್ಕೇ. ಆಮೇಲೆ ಗೋಣಿಚೀಲದ ಬಾಯಿ ಹೊಲೆಯುವ ಸೆಣಬಿನ ದಾರ ತಂದೆ. ಒಂದು ತುದಿ ಸ್ನೇರ್ ನಡುವೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದನ್ನು ಮೊದಲ ಮೈಕಿನ ಮೂತಿಗೆ ಎಳೆದು ಗಂಟು ಹಾಕಿದೆ. ಅದೇ ಗಂಟು ಎರಡನೇ ಮೈಕಿನ ಮೂತಿಗೂ ಮುಟ್ಟಬೇಕು, ಅಷ್ಟೆ. ಆ ದಾರ ಈಗಲೂ ಹೈಹ್ಯಾಟ್ ಸ್ಟ್ಯಾಂಡಿಗೆ ನೇತಾಡುತ್ತಿದೆ.

ಲೆವೆಲ್, ಅಂದರೆ ರೆಕಾರ್ಡಾಗುವ ಸದ್ದಿನ ಮಟ್ಟದ ವಿಷಯದಲ್ಲಿ ಆಸೆ ಬೇಡ. 24 ಬಿಟ್‌ನ ರೆಕಾರ್ಡಿಂಗಿನಲ್ಲಿ ಜೋರಾದ ಏಟೂ, ಸದ್ದು ಒಡೆಯುವ ಸೊನ್ನೆಗಿಂತ ಕೆಳಗೆ, ಮೈನಸ್ 10 ಡೆಸಿಬೆಲ್ ಹತ್ತಿರ ನಿಂತರೆ ಸಾಕು. ಇನ್ನು ಹಮ್ ಅನ್ನುವ, ಕರೆಂಟಿನಿಂದ ಬರುವ 50 ಹರ್ಟ್ಸ್ ಗುಂಯ್‌ಗುಡುವಿಕೆಗೆ ಮೈಕನ್ನು ಬೈದು ಎರಡು ವಾರ ಕಳೆದೆ. ಕೊನೆಗೆ ನೋಡಿದರೆ ಹಿತ್ತಲ ಅರ್ಥಿಂಗ್ ಗುಂಡಿ ಒಣಗಿ ಹೋಗಿತ್ತು. ನಾಲ್ಕು ಬಿಂದಿಗೆ ನೀರು ಸುರಿದ ಮೇಲೆ ಮುಕ್ಕಾಲು ಪಾಲು ಹೋಯಿತು.

ಕೋಣೆಯದ್ದೇ ದೊಡ್ಡ ಕತೆ. ಬರೀ ಗೋಡೆಗೆ ಸಿಂಬಲ್ ಸದ್ದು ಬಡಿದು ಕಿವಿ ಕುಯ್ಯುತ್ತಿತ್ತು. ದುಬಾರಿ ಫೋಮ್ ಬದಲು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಎರಡು ಕಂಬಳಿ ಇಳಿಬಿಟ್ಟೆ, ಮೂಲೆಗಳಲ್ಲಿ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದೆ, ಅದರ ಮುಂದೆ ಕಾಫಿಯ ಖಾಲಿ ಚೀಲಗಳ ಮಡಿಕೆ ಎದೆಮಟ್ಟಕ್ಕೆ. ಮೈಕ್ ಬದಲಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕೇಳಿದ್ದು ಇಲ್ಲೇ.

ಆದರೆ ನಮ್ಮದು ಹೆಂಚಿನ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನನಗಿಂತ ಚೆನ್ನಾಗಿ ಬಾರಿಸುತ್ತದೆ. ಸಿ-2 ಮೈಕುಗಳು ಆಗ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ. ಮಳೆ ನಿಂತು ಕೆಲಸ ಶುರುವಾಯಿತು ಅನ್ನುವಾಗ ಕಾಫಿ ಕೊಯ್ಲು ಬರುತ್ತದೆ. ಅಣ್ಣ ಬಂದು ಚೀಲಗಳನ್ನೆಲ್ಲ ಕಣಕ್ಕೆ ಹೊತ್ತೊಯ್ಯುತ್ತಾನೆ, ಕೋಣೆ ಮತ್ತೆ ಗಣಗಣ ಅನ್ನುತ್ತದೆ.