ಟರ್ಬೊ ಹೋಗಿದೆ ಅಂದರು, ಹರಿದಿದ್ದು ರಬ್ಬರ್ ಪೈಪು

ಶಿರಾಡಿ ಘಾಟಿಯ ಏರಿನಲ್ಲಿ 3000 ಆರ್‌ಪಿಎಂ ದಾಟಿದರೆ ಸಾಕು, ನನ್ನ ಹಳೆಯ 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರು ಏದುಸಿರು ಬಿಡುತ್ತಿತ್ತು. ಹಿಂದೆ ಕಪ್ಪು ಹೊಗೆ. ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಟರ್ಬೊನೇ ಬದಲಾಯಿಸಿ ಅಂದರು ಗ್ಯಾರೇಜಿನವರು. ನನಗೆ ನಂಬಿಕೆ ಬರಲಿಲ್ಲ. ಟರ್ಬೊ ಸೀಲ್ ಹೋದರೆ ಆಯಿಲ್ ಸುಟ್ಟು ನೀಲಿ ಹೊಗೆ ಬರಬೇಕು ಅಲ್ವಾ? ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ. ಸೆನ್ಸರ್ ಅಳೆದ ಗಾಳಿ ದಾರಿಯಲ್ಲೇ ಸೋರಿದರೂ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಆ ಲೆಕ್ಕಕ್ಕೇ ಪೆಟ್ರೋಲ್ ಸುರಿಯುತ್ತದೆ.

ಇನ್‌ಟೇಕ್ ಬಾಯಿ ಮುಚ್ಚಿ, ಮೆಲ್ಲಗೆ ಅರ್ಧ ಬಾರ್ ಒತ್ತಡದವರೆಗೆ ಗಾಳಿ ತುಂಬಿಸಿ, ಪೈಪುಗಳಿಗೆ ಸೋಪಿನ ನೀರು ಹಚ್ಚಿದೆ. ಟರ್ಬೊದಿಂದ ಬಂದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪಿನ ಕ್ಲಾಂಪ್ ಕೆಳಗೆ ಬುಸುಬುಸು ಗುಳ್ಳೆ ಎದ್ದವು. ಆಯಿಲ್ ಕುಡಿದು ಮೆತ್ತಗಾದ ರಬ್ಬರಿನಲ್ಲಿ ಬೆರಳಿನಷ್ಟು ಸೀಳು. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಗಾಳಿಯನ್ನು ಬೇರೆ ದಾರಿಗೆ ಬಿಡುವ ಡೈವರ್ಟರ್ ವಾಲ್ವಿನ ಡಯಾಫ್ರಂ (ಒಳಗಿನ ತೆಳು ರಬ್ಬರ್ ಪರದೆ) ಕೂಡ ಹರಿದಿತ್ತು. ಆಯಿಲ್ ತಡೆಯುವ ಒಳಪದರದ ಸಿಲಿಕೋನ್ ಪೈಪ್, ಪಿಸ್ಟನ್ ಮಾದರಿಯ ವಾಲ್ವ್ ಹಾಕಿದೆ. ಎಳೆತ ವಾಪಸ್ ಬಂತು. ರೀಮ್ಯಾಪ್ (ಇಸಿಯು ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು) ಆಸೆ ಇದ್ದವರು ಮೊದಲು ಇದನ್ನು ನೋಡಿ. ಸೋರಿಕೆ ಇದ್ದರೆ ಟರ್ಬೊ ಸುಮ್ನೆ ಜಾಸ್ತಿ ಸುತ್ತಿ ಬಿಸಿಯಾಗುತ್ತದೆ, ಅಷ್ಟೇ.