ಮೊದಲ ವಾರ್ಡ್ ಪೋಸ್ಟಿಂಗ್‌ಗೆ ಮುಂಚೆ: ವಿಆರ್‌ನಲ್ಲಿ ಹೆದರಿಕೆ ಇಳಿಸುವುದು ಹೇಗೆ

ನಾನು ನರ್ಸಿಂಗ್ ಸ್ಕಿಲ್ ಲ್ಯಾಬ್‌ನ ಟ್ಯೂಟರ್. ವಿಆರ್‌ನಲ್ಲಿ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿ ನೋಡುವ ಕೃತಕ ದೃಶ್ಯ) ಕಡಲತೀರ ತೋರಿಸಿದರೆ ಮನಸ್ಸು ಹಗುರವಾಗುತ್ತದೆ, ನಿಜ. ಆದರೆ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಿಡಿದಾಗ ನಡುಗುವ ಕೈಗೆ ಅಷ್ಟು ಸಾಲದು. ಯಾವ ಕೆಲಸಕ್ಕೆ ಹೆದರಿಕೆಯೋ ಅದನ್ನೇ, ಯಾರಿಗೂ ನೋವಾಗದ ವಿಆರ್ ದೃಶ್ಯದಲ್ಲಿ, ಮತ್ತೆ ಮತ್ತೆ ಮಾಡಬೇಕು.

ಮೊದಲು ವಿದ್ಯಾರ್ಥಿಯನ್ನೇ ಕೇಳಿ, ಯಾವುದಕ್ಕೆ ಭಯ ಜಾಸ್ತಿ ಅಂತ. ಒಬ್ಬರಿಗೆ ಸೂಜಿ, ಇನ್ನೊಬ್ಬರಿಗೆ ಅಳುವ ಸಂಬಂಧಿಕರು, ಮತ್ತೊಬ್ಬರಿಗೆ ಡೋಸ್ ತಪ್ಪುವ ಚಿಂತೆ. ಪ್ರತಿಯೊಂದು ಭಯಕ್ಕೂ 0ಯಿಂದ (ಭಯವೇ ಇಲ್ಲ) 10ರವರೆಗೆ (ತುಂಬಾ ಭಯ) ಅಂಕ ಕೊಡಿಸಿ. 3 ಅಥವಾ 4 ಬಂದದ್ದರಿಂದ ಶುರು ಮಾಡಿ.

ಅಪಸ್ಮಾರ (ಫಿಟ್ಸ್) ಇದೆಯಾ, ಬಸ್ಸಲ್ಲಿ ವಾಂತಿ ಬರುತ್ತದಾ ಅಂತ ಮೊದಲೇ ವಿಚಾರಿಸಿ. ಅಪಸ್ಮಾರ ಇದ್ದರೆ ಡಾಕ್ಟರ್ ಒಪ್ಪದೆ ಹೆಡ್‌ಸೆಟ್ ಹಾಕಿಸಬೇಡಿ. ಕೂತೇ ಮಾಡಿಸಿ, ಮೊದಲ ಸಲ 5 ನಿಮಿಷ ಸಾಕು. ಬೇಕೆಂದಾಗ ತೆಗೆಯಬಹುದು ಅಂತ ಸ್ಪಷ್ಟವಾಗಿ ಹೇಳಿ. ಈ ಅಭ್ಯಾಸಕ್ಕೆ ಪರೀಕ್ಷೆಯ ಹಾಗೆ ಮಾರ್ಕ್ಸ್ ಮಾತ್ರ ಬೇಡವೇ ಬೇಡ.

ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಭಯಕ್ಕೂ ಬೆವರು ಬರುತ್ತದೆ, ವಿಆರ್ ತಂದ ತಲೆಸುತ್ತಿಗೂ ಬರುತ್ತದೆ. ಕಣ್ಣಿಗೆ ನಡೆಯುತ್ತಿರುವಂತೆ ಕಾಣುತ್ತದೆ, ಒಳಕಿವಿಗೆ ಮೈ ಅಲುಗಿದ್ದೇ ಗೊತ್ತಾಗುವುದಿಲ್ಲ. ಈ ಗೊಂದಲಕ್ಕೇ ಹೊಟ್ಟೆ ತೊಳಸುವುದು. ಹಾಗಾಗಿ "ತಲೆ ಸುತ್ತುತ್ತಿದೆಯಾ, ಇಲ್ಲ ಹೆದರಿಕೆನಾ?" ಅಂತ ಕೇಳಿ. ತಲೆಸುತ್ತಾದರೆ ತಕ್ಷಣ ತೆಗೆಸಿ. ಹೆದರಿಕೆಯಾದರೆ, ವಿದ್ಯಾರ್ಥಿ ಒಪ್ಪಿದರೆ, ದೃಶ್ಯವನ್ನು ಅಲ್ಲೇ ನಿಲ್ಲಿಸಿ. 4 ಎಣಿಸುತ್ತಾ ಉಸಿರು ಒಳಗೆ, 6 ಎಣಿಸುತ್ತಾ ಹೊರಗೆ. ಅಂಕ ಸ್ವಲ್ಪ ಇಳಿದ ಮೇಲೆ ಮುಂದುವರಿಸಿ. ಭಯ ತುತ್ತತುದಿಯಲ್ಲಿರುವಾಗ ಬಿಟ್ಟು ಹೋದರೆ, ತಪ್ಪಿಸಿಕೊಂಡಿದ್ದೇ ಒಳ್ಳೆಯದಾಯಿತು ಅಂತ ಮನಸ್ಸು ಕಲಿತುಬಿಡುತ್ತದೆ.

ಹೆಡ್‌ಸೆಟ್ ತೆಗೆದ ಮೇಲಿನ ಮಾತುಕತೆಗೆ, ಒಳಗೆ ಕಳೆದಷ್ಟೇ ಹೊತ್ತು ಕೊಡಿ. ನನ್ನ ಮಟ್ಟಿಗೆ ಅರ್ಧ ಕೆಲಸ ಆಗುವುದು ಇಲ್ಲೇ. "ಹೇಗನ್ನಿಸಿತು?" ಮೊದಲು, ತಪ್ಪುಗಳು ಆಮೇಲೆ. ಬೇರೆಯವರ ಮುಂದೆ ತಿದ್ದಬೇಡಿ. ಮತ್ತೆ ಅದೇ ದೃಶ್ಯ ಮಾಡಿಸಿ, ಹೊಸ ಅಂಕ ಬರೆಸಿ. ಇಳಿದ ಅಂಕವನ್ನು ವಿದ್ಯಾರ್ಥಿಯೇ ಕಣ್ಣಾರೆ ನೋಡಲಿ. ಆಮೇಲೆ 6 ಅಂಕದ ದೃಶ್ಯಕ್ಕೆ ಹೋಗಿ.

ಕಂಟ್ರೋಲರ್ ಹಿಡಿದರೆ ರಕ್ತನಾಳ ಬೆರಳಿಗೆ ಸಿಗುವುದಿಲ್ಲ, ಅಲ್ವಾ? ಅದೇ ವಾರ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಕೈ ಮೇಲೂ ಅಭ್ಯಾಸ ಮಾಡಿಸಿ. ನಿದ್ದೆ, ಊಟ ಕೆಡುವಷ್ಟು ಆತಂಕ ಇರುವವರನ್ನು ಹೆಡ್‌ಸೆಟ್ ನಂಬಿ ಕೂರಿಸಬೇಡಿ. ನೀವೇ ಜೊತೆಗೆ ಹೋಗಿ ಕೌನ್ಸೆಲರ್‌ಗೆ ಭೇಟಿ ಮಾಡಿಸಿ.